ನಲವತ್ತೊಂದನೆಯ ಚೀಟಿ

ಅಜ್ಜಂಪುರದಲ್ಲಿ ರೈಲು ಹಳಿಯಾಚೆಗಿನ ಕ್ರೈಸ್ತರ ಕಲ್ಲುಭೂಮಿಯಲ್ಲಿ ಅವರನ್ನು ಮಣ್ಣು ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಪಕ್ಕದಲ್ಲಿ ನಿಂತಿದ್ದ ಯಾರೋ ನನ್ನ ಹಣೆಯ ವಿಭೂತಿ ನೋಡಿ, "ತಾವು ಅವ್ರಿಗೆ ಏನಾಗ್ಬೇಕು?" ಎಂದು ಕೇಳಿದರು. "ಒಂದೇ ಸ್ಕೂಲಲ್ಲಿ ಕೆಲಸ ಮಾಡ್ತಿದ್ವಿ" ಎಂದೆ. ಸುಳ್ಳಲ್ಲ. ಆದರೆ ಪೂರ್ತಿ ನಿಜ ಹೇಳುವುದಾಗಿದ್ದರೆ, ಒಂದು ಸಲ ನನ್ನ ಕೈಯಾರೆ ಇವರಿಗೆ ಸಾವಿನ ಚೀಟಿ ಬರೆದುಕೊಟ್ಟವನು ನಾನು ಎನ್ನಬೇಕಿತ್ತು. ಅದನ್ನು ಆ ಮಣ್ಣಿನ ಮುಂದೆ ಹೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬೇಡ. ಕಡೂರಿನಲ್ಲಿ ನಮಗೆಲ್ಲ ಮೇಷ್ಟ್ರು ಎಂದರೆ ಅವರೊಬ್ಬರೇ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಕಡೂರಿನ ಶಾಲೆಗೆ ಹೊಸದಾಗಿ ಸೇರಿದಾಗ ಅವರಿಗೆ ಐವತ್ತು ಹತ್ತಿರವಾಗಿತ್ತು. ಲೆಕ್ಕ ಹೇಳಿಕೊಡುತ್ತಿದ್ದರು. ಸಣಕಲು ಮೈ, ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು, ಎಡ ಜೇಬಿನಲ್ಲಿ ಸೀಮೆಸುಣ್ಣ, ಬಲ ಜೇಬಿನಲ್ಲಿ ಅಂಗೈಯಗಲದ ಸತ್ಯವೇದ. ಎಷ್ಟೋ ಸಲ ಎರಡೂ ಒಂದೇ ಜೇಬಿಗೆ ಬಿದ್ದು ಪುಸ್ತಕದ ಅಂಚೆಲ್ಲ ಬೆಳ್ಳಗಾಗಿತ್ತು. ನಾನು ಹಿರೇನಲ್ಲೂರಿನ ಕಡೆಯವನು. ಮಠಕ್ಕೆ ನಡೆದುಕೊಳ್ಳುವ ಮನೆಯಲ್ಲಿ ಬೆಳೆದು, ಓದುವಾಗ ಯಾವುದನ್ನೂ ನಂಬದಿರುವ ಚಟ ಅಂಟಿಸಿಕೊಂಡಿದ್ದೆ. ಅವ್ವನ ಸಮಾಧಾನಕ್ಕೆ ವಿಭೂತಿ, ನನ್ನ ಸಮಾಧಾನಕ್ಕೆ ಅನುಮಾನ. "ನಿಂದು ಒಳ್ಳೇ ಧರ್ಮ ಕಣಯ್ಯಾ, ಹಣೆ ಒಂದ್ಕಡೆ, ತಲೆ ಒಂದ್ಕಡೆ" ಎಂದು ಮೇಷ್ಟ್ರು ಕೆಣಕುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅವರನ್ನು ನಮ್ಮೂರಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸು ಹೊರಟಾಗ ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರು, "ಇಲ್ಲೇ ಇರಿ ಮೇಷ್ಟ್ರೇ, ಇನ್ನೊಂದು ಟ್ರಿಪ್ ಬತ್ತೀನಿ" ಎಂದು ಸೀಟಿ ಊದಿಬಿಟ್ಟ. ಒಂದು ಗಂಟೆ ಕಾದೆವು. ಅಷ್ಟರಲ್ಲಿ ತೆಂಗಿನಕಾಯಿ ಲಾರಿಯೊಂದು ಬಂತು.

"ಬನ್ನಿ ಸಾರ್, ಅವ್ನು ಬರಲ್ಲ."

"ಬತ್ತೀನಿ ಅಂದವ್ನೆ ಕಣಯ್ಯಾ. ನೀನು ಹೋಗು."

ಅವರು ಮೈಲಿಗಲ್ಲಿನ ಮೇಲೆ ಕೂತೇ ಇದ್ದರು. ನಾನು ಲಾರಿಯಲ್ಲಿ ಬಂದೆ. ಸಂಜೆ ಆರಕ್ಕೆ ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಅದೇ ಬಸ್ಸಿನಿಂದ ಇಳಿದು, ಕಾಫಿ ಕುಡಿಯುತ್ತಿದ್ದ ನನ್ನ ಹತ್ತಿರ ಬಂದು, "ಬಂದ್ನಲ್ಲ! ಹೇಳಿದವನು ಮರೆಯಲ್ಲ" ಎಂದರು. ಕಂಡಕ್ಟರಿನಿಂದ ಹಿಡಿದು ದೇವರವರೆಗೆ ಎಲ್ಲರಿಗೂ ಅವರದು ಇದೊಂದೇ ಮಾತು. ಹೇಳಿದವನು ಮರೆಯಲ್ಲ. ಆಗ ಅದು ನನಗೆ ತಮಾಷೆಯಾಗಿತ್ತು.

"ನಿಮಗೆ ಅನುಮಾನಾನೇ ಬರಲ್ವಾ ಸಾರ್?" ಎಂದು ಒಮ್ಮೆ ಕೇಳಿದ್ದೆ.

"ಯಾಕೆ ಬರಲ್ಲ? ದಿನಾ ಬೆಳಿಗ್ಗೆ ಹಲ್ಲುಜ್ಜೋವಾಗ ಬರ್ತದೆ. ಕಾಫಿ ಕುಡಿಯೋ ಹೊತ್ಗೆ ಹೋಯ್ತದೆ" ಎಂದರು.

ರೈಲ್ವೆ ಸ್ಟೇಷನ್ನಿನ ಹಿಂದೆ ಹೆಂಚಿನ ಮಾಡಿನ ಸಣ್ಣದೊಂದು ಪ್ರಾರ್ಥನಾ ಮನೆಯಿತ್ತು. ಸಭಾಪಾಲಕರೆಂಬ ಪಾದ್ರಿ ತಿಂಗಳಿಗೊಮ್ಮೆ ಹೊರಗಿನಿಂದ ಬಂದು ಹೋಗುತ್ತಿದ್ದರು. ಉಳಿದ ಭಾನುವಾರಗಳೆಲ್ಲ ಮೇಷ್ಟ್ರದೇ. ಸೇರುವವರು ಮಕ್ಕಳುಮರಿಯೆಲ್ಲ ಕೂಡಿ ನಲವತ್ತು ಜನ. ಅವರಲ್ಲಿ ಹೊಸವರ್ಷದ ಬೆಳಿಗ್ಗೆ ಒಂದು ಪದ್ಧತಿ. ದೇವರು ಕೊಟ್ಟ ಮಾತುಗಳಿಗೆ ಅವರು ವಾಗ್ದಾನ ಎನ್ನುತ್ತಾರೆ. ಅಂಥವನ್ನು ಸತ್ಯವೇದದಿಂದ ಆರಿಸಿ, ಒಂದೊಂದನ್ನೂ ಒಂದು ಚೀಟಿಯಲ್ಲಿ ಬರೆದು, ಸುರುಳಿ ಸುತ್ತಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ಆರಾಧನೆ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಚೀಟಿ ಎತ್ತಿ ಗಟ್ಟಿಯಾಗಿ ಓದಬೇಕು. ಕೇಳಿದವರು ಆಮೆನ್ ಎನ್ನಬೇಕು. ಬಂದ ಮಾತು ಆ ವರ್ಷಕ್ಕೆ ಆ ಮನುಷ್ಯನಿಗೆಂದೇ ದೇವರು ಕೊಟ್ಟದ್ದು ಎಂದು ಲೆಕ್ಕ. ಗೋಡೆಗೆ ಅಂಟಿಸಿಕೊಂಡು ವರ್ಷವಿಡೀ ಅದರ ಮೇಲೆ ಭಾರ ಹಾಕಿ ಬದುಕುತ್ತಿದ್ದರು. ಇಪ್ಪತ್ತು ವರ್ಷಗಳಿಂದ ಚೀಟಿ ಬರೆಯುತ್ತಿದ್ದವರು ಮೇಷ್ಟ್ರೇ. ಅವರ ಮನೆಯ ನಡುಮನೆಯ ಗೋಡೆಯಲ್ಲಿ ಇಪ್ಪತ್ತು ಚೀಟಿಗಳು ಸಾಲಾಗಿ ಇದ್ದವು.

ಒಂದು ಡಿಸೆಂಬರಿನಲ್ಲಿ ಅವರು ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಪ್ಲಾಸ್ಟರಿನ ಕಟ್ಟು ಹಾಕಿಸಿಕೊಂಡು ನನ್ನ ಕೋಣೆಗೆ ಬಂದು ಒಂದು ನೋಟ್‌ಬುಕ್ಕು ಮುಂದಿಟ್ಟರು.

"ನಿನ್ನ ಅಕ್ಷರ ಚೆನ್ನಾಗದೆ. ಇದ್ರಲ್ಲಿ ಗುರುತು ಮಾಡಿದೀನಿ, ನಲವತ್ತು ಚೀಟಿ ಬರ್ದು ಕೊಡು. ಒಂದು ಚೀಟೀಲಿ ಎರಡು ಸಾಲಿಗಿಂತ ಜಾಸ್ತಿ ಹಿಡಿಸಲ್ಲ. ಬರ್ದಿದ್ದನ್ನ ಬರ್ದಹಾಗೇ ಸುತ್ತಿಬಿಡು. ನಾನು ನೋಡಬಾರ್ದು."

"ನಂಬದೇ ಇರೋನು ಬರೆದ್ರೆ ನಡೀತದಾ ಸಾರ್?"

"ಪೋಸ್ಟ್‌ಮ್ಯಾನು ಕಾಗದ ನಂಬಬೇಕು ಅಂತ ಎಲ್ಲದೆಯಯ್ಯಾ?" ಎಂದು ನಕ್ಕರು.

ನಾನು ಒಂದು ಮಧ್ಯಾಹ್ನ ಕೂತು ಬರೆದೆ. ಎಲ್ಲವೂ ಒಂದೂವರೆ, ಎರಡು ಸಾಲಿನವು. ಭಯಪಡಬೇಡ, ಕೈಬಿಡುವುದಿಲ್ಲ, ದಾರಿ ತೋರಿಸುತ್ತೇನೆ ಎಂಬಂಥ ಮಾತುಗಳು. ಒಂದು ಮಾತ್ರ ನಾಲ್ಕು ಸಾಲಿತ್ತು. ಚೀಟಿಗೆ ಎರಡೇ ಸಾಲು ಎಂದಿದ್ದರಲ್ಲ, ಅದನ್ನು ಎರಡು ಚೀಟಿ ಮಾಡಿದೆ. ಏನು ಬರೆಯುತ್ತಿದ್ದೇನೆಂದು ಓದಲೂ ಇಲ್ಲ. ಶಾಲೆಯ ಬೋರ್ಡಿಗೆ ಸುವಿಚಾರ ಬರೆದು ಬರೆದು ಕೈಗೆ ಅಭ್ಯಾಸವಾಗಿತ್ತು, ಅರ್ಥ ತಲೆಗೆ ಹೋಗುತ್ತಿರಲಿಲ್ಲ. ಸುತ್ತಿ ಎಣಿಸಿದರೆ ನಲವತ್ತೊಂದು. ಹೋಗಿ ಹೇಳಿದೆ. "ಒಂದು ಹೆಚ್ಚಾದ್ರೆ ಬಂದೋರಿಗಾಯ್ತು ಬಿಡು. ನೀನೇ ಬಾ, ನಿಂಗೂ ಒಂದಿರ್ಲಿ" ಎಂದರು.

ಹೊಸವರ್ಷದ ಬೆಳಿಗ್ಗೆ ಕೇಸರಿಬಾತಿನ ಆಸೆಗೆ ಹೋದೆ. ಹಿಂದಿನ ಬೆಂಚಿನಲ್ಲಿ ಕೂತೆ. ಒಬ್ಬೊಬ್ಬರೂ ಎದ್ದು ಬಂದು ಚೀಟಿ ಎತ್ತಿ ಓದಿದರು. ಆಮೆನ್, ಆಮೆನ್ ಎಂದು ಸಣ್ಣ ಮನೆ ಗುಂಯ್‌ಗುಡುತ್ತಿತ್ತು. ಎಸ್ತರಮ್ಮ ಎಂಬಾಕೆ ಬಂದಳು. ರೈಲ್ವೆ ಗೇಟು ಕಾಯುತ್ತಿದ್ದವನ ವಿಧವೆ, ಪ್ರಾರ್ಥನಾ ಮನೆಯ ಕಸ ಗುಡಿಸುತ್ತಿದ್ದವಳು. ತರೀಕೆರೆಯ ಅಡಿಕೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಅವಳ ಒಬ್ಬನೇ ಮಗ ರಕ್ತ ಕಾರಿಕೊಂಡು ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಅವಳಿಗೆ ಓದು ಬಾರದು. ಚೀಟಿ ಎತ್ತಿ ಮೇಷ್ಟ್ರ ಕೈಗೆ ಕೊಟ್ಟಳು. ಅವರು ಓದಿದರು. ನಿನ್ನ ಪ್ರಾರ್ಥನೆ ಕೇಳಿದ್ದೇನೆ, ನಿನ್ನ ಕಣ್ಣೀರು ನೋಡಿದ್ದೇನೆ, ನಿನ್ನ ಆಯುಸ್ಸಿಗೆ ಹದಿನೈದು ವರ್ಷ ಕೂಡಿಸುತ್ತೇನೆ ಎಂಬರ್ಥದ ಮಾತು. ಅವಳು ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು. "ನನ್ನ ಮಗಂಗೆ! ನನ್ನ ಮಗಂಗೆ ಕೊಟ್ಟವ್ನೆ!" ಎಂದು ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ಜನರೆಲ್ಲ ಅಳುತ್ತ ಆಮೆನ್ ಎಂದರು. ಮೇಷ್ಟ್ರ ಮುಖ ಮಾತ್ರ ಒಂದು ಗಳಿಗೆ ಯೋಚನೆಗೆ ಬಿದ್ದಂತಿತ್ತು. ಏನೋ ಕಡಿಮೆಯಿದೆ ಎಂದು ಹುಡುಕುವವರ ಮುಖ.

ಕೊನೆಗೆ ಡಬ್ಬಿಯಲ್ಲಿ ಎರಡು ಉಳಿದವು. "ಬಾರಯ್ಯಾ" ಎಂದು ನನ್ನನ್ನು ಕರೆದರು. "ನಂಗ್ಯಾಕೆ ಸಾರ್" ಎಂದು ನಕ್ಕು ಕೂತಲ್ಲೇ ಕೂತೆ. ಅವರು ಎಡಗೈ ಹಾಕಿ ಒಂದನ್ನು ಎತ್ತಿದರು. ಬಿಚ್ಚಿದರು. ಪದ್ಧತಿಯಂತೆ ಗಟ್ಟಿಯಾಗಿ ಓದಿದರು.

ನಿನ್ನ ಮನೆಯ ವ್ಯವಸ್ಥೆ ಮಾಡಿಕೋ, ನೀನು ಬದುಕುವುದಿಲ್ಲ, ಸಾಯುತ್ತೀ. ಅಷ್ಟೇ ಇತ್ತು ಅದರಲ್ಲಿ.

ಯಾರೂ ಆಮೆನ್ ಎನ್ನಲಿಲ್ಲ. ಹೊರಗೆ ಗೂಡ್ಸ್ ಗಾಡಿಯೊಂದು ಹಾದುಹೋಯಿತು. ಅದು ಹೋದ ಮೇಲೆ ಅವರೇ ಮೆಲ್ಲಗೆ, "ಆಮೆನ್" ಎಂದರು. ಚೀಟಿಯನ್ನು ಮಡಿಸಿ ಕೋಟಿನ ಜೇಬಿಗೆ ಇಟ್ಟುಕೊಂಡರು.

ನನಗೆ ಆಗ ಹೊಳೆಯಿತು. ಎಸ್ತರಮ್ಮನದೂ ಇದೂ ನಾನು ಹರಿದ ಒಂದೇ ಮಾತು. ಸಂಜೆಯೇ ಅವರ ಮನೆಗೆ ಓಡಿದೆ. ಬೆವರುತ್ತ ಎಲ್ಲ ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತು. ಹಳೆಯ ಕಾಲದ ಒಬ್ಬ ಅರಸನಿಗೆ ದೇವರು ಹೇಳಿಕಳಿಸಿದ ಮಾತಂತೆ. ಸಾಯುತ್ತೀ ಎಂದು ಮೊದಲು. ಅವನು ಗೋಡೆಯ ಕಡೆ ತಿರುಗಿ ಅತ್ತ ಮೇಲೆ ಹದಿನೈದು ವರ್ಷ ಎಂದು ಆಮೇಲೆ. ಎಸ್ತರಮ್ಮನ ಮಗನ ಸಂಕಟ ನೋಡಲಾರದೆ, ಹೇಗಾದರೂ ಅವಳ ಕೈಗೆ ಬರಲಿ ಎಂದು ಬೇಡಿಕೊಂಡು ಅದನ್ನು ಆ ವರ್ಷ ಮೊದಲ ಸಲ ಸೇರಿಸಿದ್ದರಂತೆ.

"ಹಂಗಾದ್ರೆ ಇದು ನನ್ನ ತಪ್ಪು ಸಾರ್. ದೇವರದ್ದಲ್ಲ. ಆ ಚೀಟಿ ಬಿಸಾಕಿ."

"ಇಪ್ಪತ್ತು ವರ್ಷದಿಂದ ಇವು ದೇವರು ಕೊಟ್ಟಿದ್ದು ಅಂತ ಅಂಟಿಸ್ಕೊಂಡಿದೀನಿ" ಎಂದು ಗೋಡೆ ತೋರಿಸಿದರು. "ಒಳ್ಳೇದು ಬಂದಾಗ ದೇವರ ಕೈ, ಕೆಟ್ಟದ್ದು ಬಂದಾಗ ನಿನ್ನ ಕೈ ಅನ್ಲಾ? ಹಂಗಂದ್ರೆ ಈ ಗೋಡೆ ಪೂರ್ತಿ ಕೀಳಬೇಕಾಯ್ತದೆ ಕಣಯ್ಯಾ."

"ಹೋಗ್ಲಿ, ಎಸ್ತರಮ್ಮಂಗೆ ಹೇಳಿ. ಎರಡೂ ಸೇರಿಸ್ಕೊಳ್ಳಿ. ಉಳಿದರ್ಧ ನಿಮ್ದೇ."

"ಅವ್ಳ ಮಗ ಬದುಕ್ತಾನೆ ಅಂತ ಬೆಳಿಗ್ಗೆಯಿಂದ ಊರೆಲ್ಲ ಹೇಳ್ಕೊಂಡು ಓಡಾಡ್ತಾವ್ಳೆ. ನಾನು ಹೋಗಿ, ಅದು ನನ್ನ ಚೀಟಿ ಬಾಲ ಕಣಮ್ಮಾ, ಕೊಟ್ಬಿಡು ಅನ್ಲಾ?"

ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತರು. ಎಂದೂ ನನ್ನೊಡನೆ ಗಟ್ಟಿಯಾಗಿ ಮಾತಾಡಿದವರಲ್ಲ. "ಬರೆಯೋವಾಗ ಒಂದ್ಸಲ ಓದಬಾರ್ದಿತ್ತಾ ಅಣ್ಣಾ?" ಎಂದರು. ಅಷ್ಟೇ.

ಆ ವರ್ಷ ನಾನು ಬದುಕಿದ್ದು ಅವರ ಮುಖ ನೋಡಿಕೊಂಡು. ಶಾಲೆಗೆ ಬಂದ ಕೂಡಲೆ ಮೊದಲು ಅವರ ಸೈಕಲ್ಲು ಇದೆಯೇ ಎಂದು ನೋಡುತ್ತಿದ್ದೆ. ಅವರು ಹೆದರಿದಂತೆ ಕಾಣಲಿಲ್ಲ. ಆದರೆ ಹೇಳಿದ ಕೆಲಸ ಮಾಡುವ ವಿದ್ಯಾರ್ಥಿಯಂತೆ ಮನೆಯ ವ್ಯವಸ್ಥೆಗೆ ಇಳಿದರು. ಫೆಬ್ರವರಿಯಲ್ಲೇ ಮನೆಯ ಒಡೆದ ಹೆಂಚು ಬದಲಾಯಿಸಿದರು. ಭಾನುವಾರದ ಪ್ರಸಂಗ, ಎಂದರೆ ಬೋಧನೆ, ಮಾಡಲು ಸ್ಟೇಷನ್ನಿನ ಒಬ್ಬ ಗುಮಾಸ್ತೆಗೆ ಕಲಿಸಿದರು. ಏಳನೇ ಕ್ಲಾಸಿನ ಪಾಠ ಎಂದಿಗಿಂತ ಎರಡು ತಿಂಗಳು ಮುಂಚೆ ಮುಗಿಸಿ, "ಹೊಸಬರು ಬಂದ್ರೆ ತೊಂದ್ರೆ ಆಗಬಾರ್ದು" ಎಂದರು. ಹೆಂಡತಿಗೆ ಬ್ಯಾಂಕಿನಲ್ಲಿ ರುಜು ಹಾಕುವುದನ್ನು ಹೇಳಿಕೊಟ್ಟರು. ಆಕೆ ಸ್ಲೇಟಿನ ಮೇಲೆ ತನ್ನ ಹೆಸರು ತಿದ್ದುತ್ತ ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿದೆ.

ಊರಿಗೂ ಸುದ್ದಿ ಹಬ್ಬಿತು. ಮಕ್ಕಳು ಅವರ ಕ್ಲಾಸಿನಲ್ಲಿ ಗಲಾಟೆ ಮಾಡುವುದನ್ನೇ ಬಿಟ್ಟವು. ಕಟಿಂಗ್ ಷಾಪಿನವನು ಕತ್ತಿ ಮುಟ್ಟಲು ಹಿಂದೇಟು ಹಾಕಿ, "ಗಡ್ಡ ಮನೇಲೇ ಮಾಡ್ಕಳಿ ಮೇಷ್ಟ್ರೇ" ಎಂದನಂತೆ. ಮುಂಗಾರು ಶುರುವಾದಾಗ ಅವರಿಗೆ ಕೆಮ್ಮು ಹಿಡಿಯಿತು. ಪಾಠದ ನಡುವೆ ಅವರು ಕೆಮ್ಮಿದರೆ ಪಕ್ಕದ ಕೋಣೆಯಲ್ಲಿ ನನ್ನ ಸೀಮೆಸುಣ್ಣ ನಿಲ್ಲುತ್ತಿತ್ತು. ನನ್ನ ಅವ್ವ ವಿಷಯ ತಿಳಿದು ಮಠದಿಂದ ವಿಭೂತಿ ತರಿಸಿ ಕಳಿಸಿದಳು. ಅವರು ಹಚ್ಚಿಕೊಳ್ಳಲಿಲ್ಲ, ಬಿಸಾಡಲೂ ಇಲ್ಲ. ಕಣ್ಣು ಮುಚ್ಚಿ ಒಂದು ನಿಮಿಷ ಹಿಡಿದುಕೊಂಡು, ಚೀಟಿ ಇದ್ದ ಜೇಬಿಗೇ ಹಾಕಿಕೊಂಡರು.

ಎಸ್ತರಮ್ಮ ಮಾತ್ರ ಹಬ್ಬದ ಕಳೆಯಲ್ಲಿದ್ದಳು. ಮಗನ ಹಾಸಿಗೆಯ ಮೇಲಿನ ಗೋಡೆಗೆ ಚೀಟಿ ಅಂಟಿಸಿದ್ದಳು. ಮೇಷ್ಟ್ರು ಎರಡು ದಿನಕ್ಕೊಮ್ಮೆ ಹೋಗಿ ಹುಡುಗನಿಗೆ ಹಾಲು ಮೊಟ್ಟೆ ಕೊಟ್ಟು, ಆಸ್ಪತ್ರೆಗೆ ಕರೆದೊಯ್ದು, ಔಷಧಿ ತಪ್ಪಿಸಬೇಡವೆಂದು ಬೈದು ಬರುತ್ತಿದ್ದರು. ಆ ಗೋಡೆಯ ಕಡೆ ತಲೆಯೆತ್ತಿ ನೋಡುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಹುಡುಗ ತೀರಿಕೊಂಡ. ಇಪ್ಪತ್ತೆರಡು ವರ್ಷ.

ಮಣ್ಣಾದ ಮೂರನೆಯ ದಿನ ಎಸ್ತರಮ್ಮ ಮೇಷ್ಟ್ರ ಮನೆಗೆ ಬಂದಳು. ನಾನೂ ಅಲ್ಲಿದ್ದೆ. ಗೋಡೆಯಿಂದ ಕಿತ್ತ ಚೀಟಿಯನ್ನು ಮೇಜಿನ ಮೇಲಿಟ್ಟು, "ಇದ್ರಲ್ಲಿ ಏನೈತೆ ಇನ್ನೊಂದ್ಸಲ ಓದಿ ಮೇಷ್ಟ್ರೇ. ನಾನು ಸರಿಯಾಗಿ ಕೇಳಿಸ್ಕೊಂಡಿಲ್ವೇನೋ" ಎಂದಳು.

ಅವರು ಓದಲಿಲ್ಲ. ತಮ್ಮ ಜೇಬಿನ ಚೀಟಿ ತೆಗೆದು ಅದರ ಪಕ್ಕ ಇಟ್ಟರು. ನನ್ನ ಹೆಸರೆತ್ತದೆ, ತಪ್ಪೆಲ್ಲ ತಮ್ಮದೇ ಎಂಬಂತೆ ಎಲ್ಲವನ್ನೂ ಹೇಳಿದರು. ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಅವಳು ಕೇಳಿಸಿಕೊಂಡಳು. ಅಳಲಿಲ್ಲ. "ಹಂಗಾರೆ ಇಷ್ಟು ದಿನ ಸಾವನ್ನ ಜೇಬಲ್ಲಿಟ್ಕೊಂಡು ಓಡಾಡಿದ್ರಾ? ನಂದನ್ನ ಕಿತ್ಕೋಬಾರ್ದು ಅಂತ?" ಎಂದಳು. ಆಮೇಲೆ ತನ್ನ ಚೀಟಿಯನ್ನು ಬೆರಳಿನಿಂದ ಅವರ ಕಡೆ ತಳ್ಳಿದಳು. "ತಗಳಿ. ನನ್ನ ಮಗ ಇಲ್ದ ಮೇಲೆ ನಂಗ್ಯಾಕೆ ಹದಿನೈದು ವರ್ಷ. ನೀವೇ ಬದುಕಿ."

"ಬ್ಯಾಡ ಕಣಮ್ಮಾ!" ಎಂದು ಅವರು ಎದ್ದು ನಿಂತರು. ಅಷ್ಟು ಹೆದರಿದ ದನಿ ಅವರಲ್ಲಿ ಅದುವರೆಗೆ ಕೇಳಿರಲಿಲ್ಲ. ಸಾಯುತ್ತೀ ಎಂದು ಓದಿದ ದಿನವೂ ಕೇಳಿರಲಿಲ್ಲ. ಅವಳು ತಿರುಗಿ ನೋಡದೆ ಹೊರಟುಹೋದಳು. ಪ್ರಾರ್ಥನಾ ಮನೆಗೆ ಮತ್ತೆ ಕಾಲಿಡಲಿಲ್ಲ.

ವರ್ಷ ಮುಗಿಯಿತು. ಮೇಷ್ಟ್ರು ಸಾಯಲಿಲ್ಲ. ಕೆಮ್ಮು ಕೂಡ ತನ್ನಷ್ಟಕ್ಕೆ ನಿಂತಿತು. ನಾನು ಸಂತೋಷದಿಂದ ಒಂದು ಕೆಜಿ ಮೈಸೂರುಪಾಕು ಒಯ್ದು, "ನೋಡಿದ್ರಾ ಸಾರ್, ಎಲ್ಲ ಸುಳ್ಳು" ಎಂದೆ. ಅವರು ನಗಲಿಲ್ಲ. "ಯಾರ ಪಾಲಿನದ್ದನ್ನ ಉಣ್ತಿದೀನೋ" ಎಂದರು. ಆ ಹೊಸವರ್ಷದ ಬೆಳಿಗ್ಗೆ ಪ್ರಾರ್ಥನಾ ಮನೆಯಲ್ಲಿ ಡಬ್ಬಿ ತೆಗೆದಿರಲಿಲ್ಲ. ಮುಂದೆಯೂ ತೆಗೆಯಲಿಲ್ಲ. ಅದರ ಬದಲು ಆ ಅರಸನ ಕಥೆಯಿದ್ದ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. "ದೇವರ ಮಾತನ್ನ ಹರಿದು ಹಂಚೋದು ಬ್ಯಾಡ. ಹಸಿವಾದ್ರೆ ಪೂರ್ತಿ ಊಟಕ್ಕೆ ಕೂರಣ" ಎಂದರಂತೆ.

ಅವರು ನಂಬುವುದನ್ನು ಬಿಟ್ಟರೆಂದು ಯಾರಾದರೂ ತಿಳಿದರೆ ತಪ್ಪು. ಮೊದಲಿಗಿಂತ ಹೆಚ್ಚು ನಂಬಿದರು, ಅದೇ ನನಗೆ ಭಯ ಹುಟ್ಟಿಸಿದ್ದು. ಮುಂಚೆ ಸಾಲ ಕೊಟ್ಟವನಂತೆ ನಿಶ್ಚಿಂತೆಯಿಂದ ನಂಬುತ್ತಿದ್ದರು. ಆಮೇಲೆ ಸಾಲಗಾರನಂತೆ ನಂಬಿದರು. ಹೇಳಿದವನು ಮರೆಯಲ್ಲ ಎಂಬುದನ್ನು ಆಗಲೂ ಹೇಳುತ್ತಿದ್ದರು. ಆದರೆ ಹೇಳಿ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು.

ಅಜ್ಜಂಪುರಕ್ಕೆ ವರ್ಗವಾಗಿ, ಅಲ್ಲೇ ನಿವೃತ್ತರಾಗಿ, ಅಲ್ಲೇ ನಿಂತರು. ಪ್ರತಿ ಹೊಸವರ್ಷದ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಕಡೂರಿಗೆ ಬಂದು ಎಸ್ತರಮ್ಮನ ಜಗುಲಿಯಲ್ಲಿ ಕೂರುತ್ತಿದ್ದರು. ಒಂದೆರಡು ಸಲ ನಾನೂ ಹೋಗಿದ್ದೆ. ಅವರು ಪ್ರಾರ್ಥನೆ ಮಾಡುತ್ತಿರಲಿಲ್ಲ, ಬಾ ಎಂದು ಕರೆಯುತ್ತಿರಲಿಲ್ಲ. ಅವಳು ಒಂದು ಲೋಟ ಕಾಫಿ ತಂದಿಡುವಳು. ಕುಡಿದು, "ಬರ್ಲಾಮ್ಮಾ" ಎನ್ನುವರು. "ಹೂಂ" ಎನ್ನುವಳು. ಇನ್ನೊಂದು ವರ್ಷ ಬದುಕಿದ್ದಕ್ಕೆ ಒಪ್ಪಿಗೆ ಕೇಳಲು ಬಂದವರಂತೆ ನನಗೆ ಕಾಣುತ್ತಿತ್ತು.

ಮಣ್ಣು ಮಾಡಿ ಬಂದ ದಿನ ಅವರ ಹೆಂಡತಿ ಒಂದು ಲಕೋಟೆ ಕೊಟ್ಟರು. ಒಳಗೆ ಆ ಎರಡು ಚೀಟಿಗಳು ಒಂದು ಹಾಳೆಗೆ ಅಂಟಿಕೊಂಡಿದ್ದವು, ಮೇಲೊಂದು, ಕೆಳಗೊಂದು. ನನ್ನ ಅಕ್ಷರ. ಅಡಿಯಲ್ಲಿ ಮೇಷ್ಟ್ರ ಕೈಬರಹ: 'ಇದು ಎಸ್ತರಮ್ಮನದು. ನಾನು ಹೋದ ಮೇಲೆ ವಾಪಸು ಕೊಡುವುದು.' "ಅದನ್ನ ನೀವೇ ಕೊಟ್ಬಿಡಿ ಅಣ್ಣಾ. ನಂಗೆ ಆಗಲ್ಲ" ಎಂದರು. ಕೊನೆಯ ಬೆಳಿಗ್ಗೆ ಏನಾದರೂ ಹೇಳಿದರೇ ಎಂದು ಕೇಳಿದೆ. "ಹೇಳಿದವನು ಮರೆಯಲಿಲ್ಲ ಅಂದ್ರು. ನಗ್ತಾ ಅಂದ್ರೋ ಹೆದರ್ಕೊಂಡು ಅಂದ್ರೋ ಗೊತ್ತಾಗ್ಲಿಲ್ಲ. ಗೋಡೆ ಕಡೆ ತಿರುಗಿದ್ರು."

ಮರುದಿನ ಕಡೂರಿಗೆ ಬಂದು ಎಸ್ತರಮ್ಮನ ಜಗುಲಿಯಲ್ಲಿ ಕೂತೆ. ಕಣ್ಣು ಮಂಜಾಗಿದ್ದವು ಅವಳಿಗೆ. ಮೇಷ್ಟ್ರು ಹೋದರೆಂದು ಹೇಳಿದೆ. ಇಷ್ಟು ವರ್ಷ ನುಂಗಿಕೊಂಡಿದ್ದನ್ನೂ ಹೇಳಿದೆ. ಎರಡು ಚೀಟಿ ಮಾಡಿದ್ದು ನಾನು, ಅವರಲ್ಲ ಎಂದು. ಅವಳು ಬೈಯಲಿಲ್ಲ. "ಓದಿ ಸ್ವಾಮಿ. ಪೂರ್ತಿ ಓದಿ" ಎಂದಳು.

ಬರೆಯುವಾಗ ಓದದೆ ಇದ್ದದ್ದನ್ನು ಆಗ ಓದಿದೆ. ಮೊದಲ ಚೀಟಿ ಓದಿದೆ. ಎರಡನೆಯದರಲ್ಲಿ ಹದಿನೈದು ಎಂಬ ಕಡೆ ನನ್ನ ನಾಲಿಗೆ ನಿಂತಿತು. ಅವಳು ಈ ಚೀಟಿಯನ್ನು ಅವರ ಕಡೆ ತಳ್ಳಿದ್ದು ಅಕ್ಟೋಬರಿನಲ್ಲಿ. ನಾವು ಕೂತಿದ್ದೂ ಅಕ್ಟೋಬರಿನಲ್ಲೇ. ಬಸ್ಸಿನಲ್ಲಿ ಬರುವಾಗ ವರ್ಷಗಳನ್ನು ಎರಡು ಸಲ ಎಣಿಸಿ, ಮೂರನೆಯ ಸಲ ಎಣಿಸಲು ಹೆದರಿ ಬಿಟ್ಟಿದ್ದೆ.

"ಎಷ್ಟು ವರ್ಷ ಆಯ್ತು ಸ್ವಾಮಿ, ನಾನು ಕೊಟ್ಟು?"

ಯಾವುದನ್ನೂ ನಂಬದ ನನ್ನ ಬಾಯಿಂದ ಹೊರಡಿಸಲು ಅದು ಬಹಳ ಕಷ್ಟವಾಯಿತು. "ಹದಿನೈದು" ಎಂದೆ.

ಅವಳು ಕೈ ಚಾಚಿ ಹಾಳೆ ತೆಗೆದುಕೊಂಡಳು. ಕಾಣದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು, ಮೊದಲು ಮೇಲಿನದರ ಮೇಲೆ, ಆಮೇಲೆ ಕೆಳಗಿನದರ ಮೇಲೆ. "ನನ್ನ ಮಗಂದು" ಎಂದಳು. ಕೊನೆಗೆ, ಹದಿನೈದು ವರ್ಷಗಳಲ್ಲಿ ಮೊದಲ ಸಲ, "ಆಮೆನ್" ಎಂದಳು. ಯಾವ ಚೀಟಿಗೆ ಹೇಳಿದಳೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ.